ವಿಮಾನ ಕಟ್ಟೋ ಹುಡುಗರಿಗೆ ಮ್ಯಾನೇಜ್‌ಮೆಂಟ್ ಯಾಕೆ ಸಾರ್?

ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಏರೋಸ್ಪೇಸ್ ಹುಡುಗರಿಗೆ ನಾನು ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತೇನೆ. ಹಾಗೆಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ‘ಅವರಿಗೆ ಅದು ಯಾಕೆ?’ ಮದುವೆಮನೆಯಲ್ಲಿ ಸಿಕ್ಕವರು ಕೇಳುತ್ತಾರೆ, ಪಕ್ಕದ ಡಿಪಾರ್ಟ್‌ಮೆಂಟಿನ ಮೇಷ್ಟ್ರುಗಳು ಕೇಳುತ್ತಾರೆ, ನನ್ನ ಹುಡುಗರೂ ಕೇಳುತ್ತಾರೆ. ಆದರೆ ಮದ್ದೂರು ಕಡೆಯ ಗೌಡರೊಬ್ಬರು ಕೇಳಿದಷ್ಟು ನೇರವಾಗಿ ಇನ್ಯಾರೂ ಕೇಳಿಲ್ಲ. ಮಗನ ಅಟೆಂಡೆನ್ಸ್ ಕಮ್ಮಿಯಾಗಿದೆ ಅಂತ ಅವರನ್ನು ಕರೆಸಿದ್ದೆವು. ಬಂದವರು ನನ್ನನ್ನೇ ವಿಚಾರಿಸಿಕೊಂಡರು.

“ಸಾ, ನನ್ ಮಗ ಇಮಾನ ಮಾಡದ್ ಕಲೀಲಿ ಅಂತ ಇಲ್ಲಿಗ್ ಸೇರ್ಸಿದ್ದು. ಈ ಮ್ಯಾನೇಜ್ಮೆಂಟು ಯಾಪಾರ ಮಾಡೋರ್ಗಲ್ವಾ?”

ನಾನು ಉತ್ತರ ಕೊಡಲಿಲ್ಲ. “ಈ ಸಲ ಕಬ್ಬು ಕಟಾವು ಹೇಗಾಯ್ತು ಗೌಡ್ರೇ?” ಅಂದೆ.

ಅಷ್ಟೇ ಸಾಕಾಯಿತು. ಫ್ಯಾಕ್ಟರಿಯಿಂದ ಕಟಿಂಗ್ ಆರ್ಡರ್ ಬಂತಂತೆ. ಕಡಿಯೋ ಗ್ಯಾಂಗ್ ಬಂದು ಎರಡೇ ದಿನದಲ್ಲಿ ಕಡಿದು ಹಾಕಿತಂತೆ. ಲಾರಿ ಮಾತ್ರ ಬರಲಿಲ್ಲ. ಕಬ್ಬು ನಾಲ್ಕು ದಿನ ಬಿಸಿಲಲ್ಲಿ ಬಿತ್ತು. ಕಡಿದ ಕಬ್ಬು ಒಣಗುತ್ತಾ ಹೋದಂತೆ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆ ಇಳುವರಿಯೂ ಇಳಿಯುತ್ತದೆ. “ಕಡಿಯೋರ್ದು ತಪ್ಪಿಲ್ಲ ಸಾ. ಲಾರಿಯೋನ್ದೂ ತಪ್ಪಿಲ್ಲ. ಅವನ್ಗೆ ಯಾರಾದ್ರೂ ಯೋಳಿದ್ರೆ ತಾನೆ?”

“ಗೌಡ್ರೇ, ನಾನು ಕಲಿಸೋದು ಇದನ್ನೇ.”

ಅವರು ನಕ್ಕುಬಿಟ್ಟರು. “ಲಾರಿಯೋನ್ಗೆ ಒಂದ್ ಫೋನ್ ಮಾಡದ್ ಕಲ್ಸಕ್ಕೆ ಒಂದ್ ಸೆಮಿಸ್ಟ್ರು ಬೇಕಾ ಸಾ?”

ಬೇಕು. ಒಂದು ಸೆಮಿಸ್ಟರ್ ಸಾಲದು ಕೂಡ. ಯಾಕೆ ಅಂತ ಅವತ್ತು ಅವರಿಗೆ ಪೂರ್ತಿ ಹೇಳಲಾಗಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಇಲ್ಲಿ ಹೇಳುತ್ತೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಪಾಠಕ್ಕೆ ಬರುವ ಮುಂಚೆ ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಒಂದು ಕಡೆ ಡ್ರಾಯಿಂಗ್ ಆಫೀಸಿನಲ್ಲಿದ್ದೆ. ಒಂದು ಬ್ರ್ಯಾಕೆಟ್ಟಿನ ತೂತು ಮೂರು ಮಿಲಿಮೀಟರ್ ಪಕ್ಕಕ್ಕೆ ಸರಿಯಬೇಕಿತ್ತು. ಸರಿಸಿದೆ, ಡ್ರಾಯಿಂಗ್ ತಿದ್ದಿದೆ, ಸಹಿ ಹಾಕಿಸಿದೆ. ತೂತು ಕೊರೆಯುವಾಗ ಬ್ರ್ಯಾಕೆಟ್ಟನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟು, ಅಂದರೆ ಫಿಕ್ಸ್‌ಚರ್, ಮಾಡುವ ಟೂಲ್ ರೂಮಿಗೆ ಮಾತ್ರ ಹೇಳಲಿಲ್ಲ. ಹೊಸ ಡ್ರಾಯಿಂಗ್ ತಾನಾಗೇ ಹೋಗುತ್ತದೆ ಅಂದುಕೊಂಡಿದ್ದೆ. ಹಳೇ ಫಿಕ್ಸ್‌ಚರಿನಲ್ಲೇ ನಲವತ್ತು ಬ್ರ್ಯಾಕೆಟ್ ತಯಾರಾದವು. ನಲವತ್ತೂ ಗುಜರಿಗೆ. ನನ್ನ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ.

ಇಂಥದ್ದನ್ನು ತಪ್ಪಿಸುವ ಬಗೆ ಸಿಲಬಸ್ಸಿನಲ್ಲಿಲ್ಲ. ಅಲ್ಲಿರುವುದು ಮ್ಯಾನೇಜ್‌ಮೆಂಟಿನ ವ್ಯಾಖ್ಯೆ, ಹೆನ್ರಿ ಫಯೋಲನ 14 ತತ್ವಗಳು, ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಮಾಸ್ಲೋ. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮರುದಿನ ಸಂಜೆಗೆ ಮರೆಯುವ ಸರಕು. ತಮಾಷೆ ಅಂದರೆ ಫಯೋಲ್ ಗಣಿ ಎಂಜಿನಿಯರ್. ಯಾವ ಕೆಲಸ ಯಾವಾಗ ಅಂತ ಪಟ್ಟಿ ಎಳೆದು ತೋರಿಸುವ ಗ್ಯಾಂಟ್ ಚಾರ್ಟಿನ ಹೆನ್ರಿ ಗ್ಯಾಂಟ್ ಮೆಕ್ಯಾನಿಕಲ್ ಎಂಜಿನಿಯರ್. ಕೈಗೆ ಮಸಿ ಮೆತ್ತಿಕೊಂಡವರು ಕೆಲಸ ಮಾಡಿಸುತ್ತಾ ಕಂಡುಕೊಂಡದ್ದನ್ನು ನಾವು ಹತ್ತು ಮಾರ್ಕಿನ ಉತ್ತರ ಮಾಡಿಟ್ಟಿದ್ದೇವೆ. ಪರೀಕ್ಷೆ ಇರುವುದರಿಂದ ಅದನ್ನೂ ಹೇಳಿಕೊಡುತ್ತೇನೆ, ಎರಡು ವಾರದಲ್ಲಿ ಮುಗಿಸುತ್ತೇನೆ.

ಉಳಿದ ದಿನಗಳಲ್ಲಿ ನಾವು ವಿಮಾನ ಕಟ್ಟುತ್ತೇವೆ. ರಿಮೋಟಿನಲ್ಲಿ ಹಾರುವ ಸಣ್ಣದು. ಕ್ಲಾಸಿನಲ್ಲಿ ಐದು ಗುಂಪು: ರೆಕ್ಕೆ, ಒಡಲು, ಬಾಲ, ಮೋಟಾರು-ಬ್ಯಾಟರಿ, ಕಂಟ್ರೋಲು. ಒಟ್ಟು ತೂಕ 2,000 ಗ್ರಾಂ ಮೀರಬಾರದು. ಮೊದಲ ದಿನ ಒಂದೊಂದು ಗುಂಪೂ ‘ನಮಗಿಷ್ಟು ಬೇಕು’ ಅಂತ ಚೀಟಿ ಬರೆದುಕೊಡಬೇಕು. ಕೂಡಿ ನೋಡಿದರೆ 2,600ರ ಕೆಳಗೆ ಯಾವ ವರ್ಷವೂ ಬಂದಿಲ್ಲ. ಎಲ್ಲರೂ ‘ಇರಲಿ’ ಅಂತ ಒಂದಿಷ್ಟು ಬಚ್ಚಿಟ್ಟುಕೊಂಡಿರುತ್ತಾರೆ. ಅಳಿಯನಿಗೆ ಹೇಳುವ ಸಾಲದ ಲೆಕ್ಕದ ಹಾಗೆ.

ತೂಕ ಅನ್ನುವುದು ವಿಮಾನದಲ್ಲಿ ಬಡ್ಡಿ ಇದ್ದ ಹಾಗೆ. ಬ್ಯಾಟರಿ 100 ಗ್ರಾಂ ಜಾಸ್ತಿಯಾದರೆ ಎತ್ತಲು ರೆಕ್ಕೆ ದೊಡ್ಡದಾಗಬೇಕು. ರೆಕ್ಕೆ ದೊಡ್ಡದಾದರೆ ಅದನ್ನು ಹಿಡಿದಿಡುವ ಕಟ್ಟಿಗೆ ಗಟ್ಟಿಯಾಗಬೇಕು. ಅದರ ತೂಕಕ್ಕೆ ಮೋಟಾರು ಸಾಲದು, ಮತ್ತೆ ದೊಡ್ಡ ಬ್ಯಾಟರಿ. ಅದಕ್ಕೇ ಗೋಡೆಯ ಮೇಲೆ ಒಂದು ತೂಕದ ಖಾತೆ ತೂಗುಹಾಕಿದ್ದೇವೆ. ಒಬ್ಬರದು ಅದೇ ಕೆಲಸ: ತಕ್ಕಡಿ ಹಿಡಿದುಕೊಂಡು ಎಲ್ಲರ ಮೇಜಿಗೂ ಹೋಗಿ ತೂಗಿ ಬರೆಯುವುದು. ಇದು ಯಾರಿಗೂ ಬೇಡದ ಕೆಲಸ, ಸ್ನೇಹ ಕೆಡುತ್ತದೆ. ಒಂದು ವರ್ಷ ಈ ಖಾತೆ ಹಿಡಿದ ಹುಡುಗಿ ತನ್ನ ಜೀವದ ಗೆಳತಿಯ ಬಾಲದಿಂದ 35 ಗ್ರಾಂ ಕಿತ್ತಳು. ಒಂದು ವಾರ ಇಬ್ಬರಿಗೂ ಮಾತಿರಲಿಲ್ಲ. ಆ ವರ್ಷದ ವಿಮಾನ ಮಾತ್ರ ಬಹಳ ಚೆನ್ನಾಗಿ ಹಾರಿತು.

ನಿಜವಾದ ವಿಮಾನ, ರಾಕೆಟ್ಟುಗಳಲ್ಲೂ ಈ ಖಾತೆ ಇರುತ್ತದೆ. ಅಲ್ಲಿ ಊಟದ ಪೊಟ್ಟಣವೂ ಲೆಕ್ಕಕ್ಕೆ ಬರುತ್ತದೆ. 1984ರಲ್ಲಿ ರಾಕೇಶ್ ಶರ್ಮಾ ಅವರ ಜೊತೆ ಬಾಹ್ಯಾಕಾಶಕ್ಕೆ ಹೋದ ನಮ್ಮ ದೇಶದ ತಿನಿಸು ತಯಾರಾದದ್ದು ಇಲ್ಲೇ, ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ, ಡಿಎಫ್‌ಆರ್‌ಎಲ್‌ನಲ್ಲಿ. ‘ಅಡುಗೆಯವರೂ ನಿಮ್ಮ ಟೀಮಿನವರೇ ಕಣ್ರೋ’ ಅಂದರೆ ಹುಡುಗರು ನಗುತ್ತಾರೆ.

ಇನ್ನು ಜೋಡಣೆ. ಒಂದು ವರ್ಷ ರೆಕ್ಕೆಯವರು ಬೋಲ್ಟಿನ ತೂತುಗಳ ನಡುವೆ 120 ಮಿಲಿಮೀಟರ್ ಇಟ್ಟರು, ಒಡಲಿನವರು 112 ಇಟ್ಟರು. ಎರಡೂ ಗುಂಪು ಒಂದೇ ಹಾಸ್ಟೆಲ್, ಒಂದೇ ಮೆಸ್ಸು. ನಾನು ಬೈಯಲಿಲ್ಲ, ಏರ್‌ಬಸ್ ಎ380 ಕಥೆ ಹೇಳಿದೆ. ಆ ವಿಮಾನದೊಳಗೆ ಸುಮಾರು 500 ಕಿಲೋಮೀಟರ್ ವೈರ್ ಇರುತ್ತದೆ. ಜರ್ಮನಿಯವರೂ ಫ್ರಾನ್ಸಿನವರೂ ಒಂದೇ ಡಿಸೈನ್ ಸಾಫ್ಟ್‌ವೇರಿನ ಬೇರೆ ಬೇರೆ ವರ್ಷನ್ ಬಳಸುತ್ತಿದ್ದರು. ಹ್ಯಾಂಬರ್ಗಿನಿಂದ ಬಂದ ವೈರ್ ಕಟ್ಟುಗಳನ್ನು ಟುಲೂಸ್‌ನಲ್ಲಿ ಎಳೆದು ನೋಡಿದರೆ ಉದ್ದ ಸಾಲದು. ವಿಮಾನ ಕೊಡುವುದು ಎರಡು ವರ್ಷದಷ್ಟು ತಡವಾಯಿತು. ಅಲ್ಲಿದ್ದವರೇನು ದಡ್ಡರಾ? ಇಂಥ ದೊಡ್ಡ ವಸ್ತುವನ್ನು ಪೂರ್ತಿ ಬಲ್ಲ ಒಬ್ಬ ಮನುಷ್ಯ ಇರುವುದಿಲ್ಲ. ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಚೂರು ಇರುತ್ತದೆ. ಆ ಚೂರುಗಳು ಎಲ್ಲಿ ಒಂದಕ್ಕೊಂದು ತಾಗುತ್ತವೋ ಅಲ್ಲಿ ಯಾರು ಕಾವಲು? ಅದೇ ನನ್ನ ಪಾಠ. ಈಗ ನಮ್ಮಲ್ಲಿ ಎರಡು ಗುಂಪು ಸೇರುವ ಪ್ರತಿ ಜಾಗಕ್ಕೂ ಒಂದು ಹಾಳೆ ಇದೆ. ಇಬ್ಬರೂ ಸಹಿ ಹಾಕದೆ ಡ್ರಿಲ್ ಮುಟ್ಟುವಂತಿಲ್ಲ.

ಆದರೆ ಹಾಳೆ, ಖಾತೆ ಎಲ್ಲ ಸುಲಭದ ಭಾಗ. ಕಷ್ಟದ್ದು ನನಗೇ ತಡವಾಗಿ ಗೊತ್ತಾಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ. ಚಳಿ ಜೋರಿತ್ತು. ಹಿಂದಿನ ರಾತ್ರಿ ರೆಕ್ಕೆಯ ನಡುವಿನ ಜೋಡಣೆಗೆ ಅರಾಲ್ಡೈಟ್ ಅಂಟು ಹಾಕಿಟ್ಟಿದ್ದರು. ಏಳೂವರೆಗೆ ಮೈದಾನದಲ್ಲಿ ಎಲ್ಲ ಸೇರಿದೆವು. ‘ರೆಡಿನಾ?’ ಅಂದೆ, ‘ರೆಡಿ ಸರ್’ ಅಂದರು. ಮೇಲೆ ಹೋಗಿ ಒಂದು ತಿರುವು ತೆಗೆದುಕೊಂಡಿತು, ರೆಕ್ಕೆ ಕೈಮುಗಿದ ಹಾಗೆ ಮಡಚಿಕೊಂಡು ನೆಲಕ್ಕೆ ಬಿತ್ತು. ಆ ಅಂಟು ಚಳಿಯಲ್ಲಿ ಬೇಗ ಗಟ್ಟಿಯಾಗುವುದಿಲ್ಲ. ಚೂರು ಆರಿಸುವಾಗ ಮಳವಳ್ಳಿಯ ಒಬ್ಬ ಹುಡುಗ ಮೆಲ್ಲಗೆ ಹೇಳಿದ, “ಬೆಳಿಗ್ಗೆ ಮುಟ್ಟಿ ನೋಡಿದ್ದೆ ಸರ್. ಇನ್ನೂ ಅಂಟಂಟು ಇತ್ತು.”

“ಯಾಕೋ ಹೇಳ್ಲಿಲ್ಲ?”

ತಲೆ ಬಗ್ಗಿಸಿದ. ಅವನು ಕನ್ನಡ ಮೀಡಿಯಮ್ ಹುಡುಗ. ನಮ್ಮ ರಿವ್ಯೂ ಮೀಟಿಂಗೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತಿತ್ತು, ತಪ್ಪಾದರೆ ಯಾರೋ ನಗುತ್ತಿದ್ದರು. ಹಾಗಾಗಿ ಸುಮ್ಮನಿರುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಆ ವಿಮಾನ ಬಿದ್ದದ್ದು ಅಂಟಿನಿಂದಲ್ಲ, ನನ್ನಿಂದ ಅಂತ ಅವತ್ತು ರಾತ್ರಿ ಅನ್ನಿಸಿತು. ಮರುವಾರದಿಂದ ರಿವ್ಯೂ ಕನ್ನಡದಲ್ಲೇ. ಬೇರೆ ಭಾಷೆಯ ಹುಡುಗರಿಗೆ ಪಕ್ಕದವರು ತಿಳಿಸಿ ಹೇಳುತ್ತಾರೆ. ರಿಪೋರ್ಟ್ ಬೇಕಾದರೆ ಇಂಗ್ಲಿಷಿನಲ್ಲಿ ಬರೆಯಲಿ. ಇದನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ, ಇರಲಿ.

ಅಮೆರಿಕದ ನಾಸಾದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ಪಾಠ ಮಾಡುವಾಗ ನನಗೆ ಆ ಹುಡುಗನೇ ನೆನಪಾಗುತ್ತಾನೆ. 1986ರ ಜನವರಿ 28, ಅದೂ ಒಂದು ಚಳಿಯ ಬೆಳಿಗ್ಗೆ. ರಾಕೆಟ್ಟಿನ ಕೀಲುಗಳಲ್ಲಿದ್ದ ರಬ್ಬರ್ ಉಂಗುರಗಳು ಚಳಿಗೆ ಬಿರುಸಾಗುತ್ತವೆ ಅಂತ ಅದನ್ನು ತಯಾರಿಸಿದ ಮಾರ್ಟನ್ ಥಯಾಕಲ್ ಕಂಪನಿಯ ಎಂಜಿನಿಯರುಗಳಿಗೆ ಗೊತ್ತಿತ್ತು. 12 ಡಿಗ್ರಿಗಿಂತ ಚಳಿ ಇದ್ದರೆ ಹಾರಿಸಬೇಡಿ ಅಂತ ಹಿಂದಿನ ರಾತ್ರಿ ಫೋನಿನಲ್ಲಿ ಗಂಟೆಗಟ್ಟಲೆ ವಾದ ಮಾಡಿದರು. ನಾಸಾದವರು ಗೊಣಗಿದರು. ಆಗ ಕಂಪನಿಯ ಒಬ್ಬ ಮೇಲಧಿಕಾರಿ ಇನ್ನೊಬ್ಬರಿಗೆ, ನಿನ್ನ ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜ್‌ಮೆಂಟ್ ಟೋಪಿ ಹಾಕಿಕೋ ಅಂದರು. ತೀರ್ಮಾನ ತಿರುಗಿತು. ಹಾರಿದ 73 ಸೆಕೆಂಡಿಗೆ ನೌಕೆ ಒಡೆದು ಏಳು ಜನ ಹೋದರು.

ಹುಡುಗರು ಇಲ್ಲಿ ನನ್ನನ್ನು ಹಿಡಿದುಹಾಕುತ್ತಾರೆ. “ನೋಡಿ ಸರ್, ಕೆಡಿಸಿದ್ದೇ ಮ್ಯಾನೇಜ್‌ಮೆಂಟು.” ಸರಿಯಾದ ಮಾತೇ. ಎರಡು ಟೋಪಿ ಬೇರೆ ಬೇರೆ ಅಂದುಕೊಂಡದ್ದೇ ಕೇಡಿಗೆ ಮೂಲ ಅನ್ನುತ್ತೇನೆ ನಾನು. ನಮ್ಮ ಮೈದಾನದಲ್ಲಿ ಗೊತ್ತಿದ್ದವನು ಹೇಳಲಿಲ್ಲ. ಅಲ್ಲಿ ಗೊತ್ತಿದ್ದವರು ಕೂಗಿ ಹೇಳಿದರೂ ಕೇಳುವ ಕಿವಿ ಇರಲಿಲ್ಲ. ಹೇಳುವುದನ್ನು ಹೇಗೋ ಕಲಿಸಬಹುದು. ಕೇಳಿಸಿಕೊಳ್ಳುವುದನ್ನು ಕಲಿಸುವುದು ಕಷ್ಟ. ನನಗಿನ್ನೂ ಪೂರ್ತಿ ಕೈಗೆ ಬಂದಿಲ್ಲ.

ಕೆಟ್ಟ ಸುದ್ದಿ ಮೊದಲು ತಂದವರಿಗೆ ಮಾರ್ಕ್ಸ್ ಅಂತ ಒಂದು ವರ್ಷ ನಿಯಮ ಮಾಡಿದೆ. ಹುಡುಗರು ಇಲ್ಲದ ತೊಂದರೆಗಳನ್ನೆಲ್ಲ ಹುಟ್ಟಿಸಿಕೊಂಡು ಬಂದರು! ಬಿಟ್ಟೆ. ಈಗ ಶನಿವಾರದ ರಿವ್ಯೂನಲ್ಲಿ ಮಾರ್ಕ್ಸ್ ಇಲ್ಲ, ಬೈಗುಳವೂ ಇಲ್ಲ. ಒಬ್ಬ ತೊಂದರೆ ಹೇಳಿದರೆ ಎದುರಿನ ಗುಂಪು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು, ಆಮೇಲೆ ವಾದ. ಅರ್ಧಕ್ಕರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಬೈಗುಳ ಬಿಡಲು ನನಗೆ ದಾರಿ ತೋರಿಸಿದ್ದು ಸತೀಶ್ ಧವನ್. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಹಾರಾಟ ಸೋತು ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ಮುಖ್ಯಸ್ಥರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಹೋಗಿ ಸೋಲನ್ನು ತಮ್ಮ ಮೇಲೆ ಹಾಕಿಕೊಂಡವರು ಮಾತ್ರ ಇಸ್ರೋ ಅಧ್ಯಕ್ಷ ಧವನ್. ಮುಂದಿನ ವರ್ಷ ಜುಲೈ 18ಕ್ಕೆ ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗ ಪತ್ರಕರ್ತರ ಹತ್ತಿರ ನೀವು ಹೋಗಿ ಅಂತ ಕಲಾಂ ಅವರನ್ನು ಕಳಿಸಿದರು. ಕಲಾಂ ಇದನ್ನು ಹೋದಲ್ಲೆಲ್ಲ ಹೇಳುತ್ತಿದ್ದರು. ಬೇರೆಯವರು ಇದರಲ್ಲಿ ದೊಡ್ಡತನ ನೋಡುತ್ತಾರೆ. ನನಗೆ ಕಾಣುವುದು ಆ ನಡುವಿನ ಹನ್ನೊಂದು ತಿಂಗಳು. ಮೇಲಿನವನು ಏಟು ತಾನು ತಿನ್ನುತ್ತಾನೆ ಅಂತ ಗೊತ್ತಾದಾಗ ಕೆಳಗಿನವರು ತಪ್ಪುಗಳನ್ನು ಮುಚ್ಚಿಡದೆ ಮೇಜಿನ ಮೇಲೆ ತಂದಿಡುತ್ತಾರೆ ಅಲ್ವಾ?

ಗೌಡರ ಮಗನ ಅಟೆಂಡೆನ್ಸ್ ಈಗ ಪರವಾಗಿಲ್ಲ. ಈ ಸಲ ಅವನು ಬ್ಯಾಟರಿ ಗುಂಪಿನಲ್ಲಿದ್ದಾನೆ. ನಿನ್ನೆಗೆ ಗೋಡೆಯ ಖಾತೆ 2,140 ಗ್ರಾಂ ತೋರಿಸುತ್ತಿತ್ತು. ಅದರಲ್ಲಿ 60 ಗ್ರಾಂ ಯಾರದೋ ಬಚ್ಚಿಟ್ಟ ಗಂಟು. ಯಾರದು ಅಂತ ನನಗೆ ಗುಮಾನಿ ಇದೆ, ಖಾತೆ ಹಿಡಿದ ಹುಡುಗನಿಗೂ ಇದೆ. ಅವನು ಬಂದು ನನ್ನ ಕಿವಿಯಲ್ಲಿ ಹೇಳಿದ. “ಶನಿವಾರ ಎಲ್ಲರ ಮುಂದೆ ಹೇಳು” ಅಂತ ಕಳಿಸಿದ್ದೇನೆ.