ಹೋಯ್ತೋ ಇಲ್ಲೋ

18 ನವೆಂಬರ್ 2025, ಮಂಗಳವಾರ ರಾತ್ರಿ
ಗಂಗಾವತಿ

“ಸುತ್ತಾಕ ಹತ್ತಿತ್ರೀ, ಆಮ್ಯಾಲೆ ‘ವಿಫಲ’ ಅಂತ ಬಂತು. ಅದಕ್ಕ ಇನ್ನೊಮ್ಮೆ ಒತ್ತಿದೆ.”

ತೂಕದ ಚೀಟಿಯನ್ನು ಫೋನಿನ ಆ್ಯಪ್‌ನಿಂದ ಆಫೀಸಿಗೆ ಕಳಿಸುವ ಕಾಟಾದ (ಭತ್ತ ತೂಗುವ ಜಾಗದ) ಹುಡುಗ ಹೇಳಿದ್ದು ಇಷ್ಟೇ. ಅವನದೇನೂ ತಪ್ಪಿಲ್ಲ, ಪರದೆ ಹೇಳಿದ್ದನ್ನು ನಂಬಿದ. 75 ಕೆಜಿಯ 48 ಚೀಲ ಸೋನಾ ಮಸೂರಿ ಅಂದರೆ 3,600 ಕೆಜಿ. ಖಾತೆಯಲ್ಲಿ 7,200 ಕೂತಿದೆ.

ಆದದ್ದನ್ನೆಲ್ಲ ಬರೆದಿಡುವ ಲಾಗ್ ತೆರೆದರೆ ಎಲ್ಲಾ ನಿಚ್ಚಳ. 6:42:10ಕ್ಕೆ ಆ್ಯಪ್ ಚೀಟಿ ಕಳಿಸಿದೆ. 6:42:13ಕ್ಕೆ ಸರ್ವರ್ ಅದನ್ನು ಬರೆದುಕೊಂಡು ಉತ್ತರವನ್ನೂ ಕೊಟ್ಟಿದೆ. ಅಷ್ಟರಲ್ಲಿ ಹುಡುಗ ಫೋನ್ ಹಿಡಿದು ಲಾರಿ ಕಡೆ ನಡೆದಿದ್ದಾನೆ. ವೈಫೈ ಪೂರ್ತಿ ಕಡಿದಿದ್ದರೆ ಒಳ್ಳೆಯದಿತ್ತು, ಕೂಡಲೇ ಎರರ್ ಬರುತ್ತಿತ್ತು; ಅದು ಅಂಚಿನಲ್ಲಿ ಜೋತಾಡಿದೆ. ಉತ್ತರ ಮುಟ್ಟಲೇ ಇಲ್ಲ. 6:42:20ಕ್ಕೆ ಕಾಯುವ ಗಡುವು ಮುಗಿದು ಟೈಮ್‌ಔಟ್. 6:42:26ಕ್ಕೆ ಎರಡನೇ ಒತ್ತು, ಎರಡನೇ ಚೀಟಿ.

ಟೈಮ್‌ಔಟ್ ಅಂದರೆ ‘ಆಗಲಿಲ್ಲ’ ಅಂತ ಅಲ್ಲ, ‘ಗೊತ್ತಿಲ್ಲ’ ಅಂತ. ಅಲ್ಲಿ ‘ವಿಫಲ’ ಅಂತ ಬರೆಯುವುದು ಸುಳ್ಳು ಹೇಳಿದಂತೆ.

ಆ 10 ಸೆಕೆಂಡು, ಆ್ಯಪ್ ಸರ್ವರ್ ಜೊತೆ ಮಾತಾಡಲು ಬಳಸುವ ಲೈಬ್ರರಿಯಾದ ಓಕೆಎಚ್‌ಟಿಟಿಪಿಯ ಡೀಫಾಲ್ಟ್. ಕನೆಕ್ಟ್ (ಸಂಪರ್ಕ ಕೂಡಿಸುವುದು), ರೀಡ್ (ಉತ್ತರ ಓದುವುದು), ರೈಟ್ (ಕಳಿಸುವುದು) ಮೂರಕ್ಕೂ ಹತ್ತು ಹತ್ತು. ಇಡೀ ಕರೆಗೆ ಮಿತಿ ಹಾಕುವ ಕಾಲ್ ಟೈಮ್‌ಔಟ್ ಮಾತ್ರ ಸೊನ್ನೆ, ಅಂದರೆ ಮಿತಿಯೇ ಇಲ್ಲ. ರೀಡ್ ಟೈಮ್‌ಔಟ್ ಎಣಿಸುವುದು ಒಟ್ಟು ಹೊತ್ತನ್ನಲ್ಲ, ಬೈಟ್ ಬಾರದೆ ಸುಮ್ಮನಿದ್ದ ಹೊತ್ತನ್ನು. ಒಂಬತ್ತು ಸೆಕೆಂಡಿಗೊಮ್ಮೆ ಒಂದು ಬೈಟ್ ತೊಟ್ಟಿಕ್ಕಿದರೂ ಕರೆ ಜೀವ ಹಿಡಿದುಕೊಂಡಿರುತ್ತದೆ. ಐಫೋನಿನ ಯುಆರ್‌ಎಲ್ ಸೆಷನ್ನಿನಲ್ಲಿ ರಿಕ್ವೆಸ್ಟಿಗೆ (ಡೇಟಾ ಬಾರದೆ ಕಾಯಲು) 60 ಸೆಕೆಂಡು, ರಿಸೋರ್ಸಿಗೆ (ಇಡೀ ಕೆಲಸಕ್ಕೆ) 7 ದಿನ. ಫ್ಲಟರ್‌ನಲ್ಲಿ ಫ್ಯೂಚರ್‌ಗೆ (ಮುಂದೆ ಬರಲಿರುವ ಉತ್ತರಕ್ಕೆ) ಟೈಮ್‌ಔಟ್ ಅಂಟಿಸಿದರೆ ಕಾಯುವುದು ನಿಲ್ಲುತ್ತದೆ, ಕಳಿಸಿದ್ದು ನಿಲ್ಲುವುದಿಲ್ಲ.

ಕನೆಕ್ಟ್ 10 ಹಾಗೇ ಇರಲಿ. ಸಂಪರ್ಕ ಕೋರುವ ಮೊದಲ ಸಿನ್ ಪ್ಯಾಕೆಟ್ ಕಳೆದುಹೋದರೆ ಹಲವು ಆಂಡ್ರಾಯ್ಡ್ ಫೋನುಗಳ ಕರ್ನಲ್ (ಒಳಗಿನ ಮೂಲ ತಂತ್ರಾಂಶ) 1, 3, 7ನೇ ಸೆಕೆಂಡಿಗೆ ಮತ್ತೆ ಕಳಿಸುತ್ತದೆ. 5ಕ್ಕೆ ಇಳಿಸಿದರೆ ಕೊನೆಯ ಅವಕಾಶ ಕಳೆದುಕೊಂಡೆವು. ರೀಡ್ 20, ಕಾಲ್ 30. ಕನೆಕ್ಟ್ ಟೈಮ್‌ಔಟಿಗೆ ಡಿಎನ್‌ಎಸ್ ಹುಡುಕಾಟ (ಸರ್ವರ್ ಹೆಸರಿನಿಂದ ವಿಳಾಸ ಪತ್ತೆ) ಸೇರುವುದಿಲ್ಲ, ಕಾಲ್ ಟೈಮ್‌ಔಟಿಗೆ ಸೇರುತ್ತದೆ. ಅದಕ್ಕೇ ಅದು ಬೇಕೇ ಬೇಕು. ಸರ್ವರ್ ಮುಂದೆ ನಿಂತು ವಿನಂತಿ ದಾಟಿಸುವ ಎಂಜಿನ್‌ಎಕ್ಸ್‌ನ ಪ್ರಾಕ್ಸಿ ರೀಡ್ ಟೈಮ್‌ಔಟ್ 60 ಇದೆ, 15ಕ್ಕೆ ಇಳಿಸಬೇಕು. ಫೋನು ಕೈಬಿಡುವ ಮೊದಲೇ ಸರ್ವರ್ ಏನಾದರೊಂದು ಉತ್ತರ ಹೇಳಿಬಿಡಲಿ.

ಆದರೆ ಸೆಕೆಂಡು ಎಷ್ಟೇ ಇಟ್ಟರೂ ಎರಡು ಚೀಟಿ ಆಗುವುದು ತಪ್ಪುವುದಿಲ್ಲ. ಮದ್ದು ಐಡೆಂಪೊಟೆನ್ಸಿ ಕೀ: ಎಷ್ಟು ಸಲ ಬಂದರೂ ಇದು ಒಂದೇ ಚೀಟಿ ಅಂತ ಸರ್ವರ್‌ಗೆ ತಿಳಿಸುವ ಗುರುತು. ಮೊದಲ ಸಲ ‘ಉಳಿಸು’ ಒತ್ತಿದಾಗ ಒಂದು ಯುಯುಐಡಿ (ಬೇರೆ ಯಾವುದಕ್ಕೂ ಹೊಂದದ ಉದ್ದನೆಯ ಗುರುತು ಸಂಖ್ಯೆ) ಹುಟ್ಟಬೇಕು. ನೆಟ್‌ವರ್ಕ್ ಮುಟ್ಟುವ ಮೊದಲೇ ಚೀಟಿಯ ಜೊತೆ ಫೋನಿನೊಳಗಿನ ರೂಮ್ ಡೇಟಾಬೇಸಿನಲ್ಲಿ ‘ಬಾಕಿ’ ಅಂತ ಕೂರಬೇಕು, ಎಷ್ಟು ಸಲ ಕಳಿಸಿದರೂ ಅದೇ ಕೀ ವಿನಂತಿಯ ಹೆಡರ್‌ನಲ್ಲಿ ಹೋಗಬೇಕು. ಹಲವರು ಕೀಯನ್ನು ಪ್ರತಿ ಸಲ ಕಳಿಸುವಾಗ ಓಡುವ ಇಂಟರ್‌ಸೆಪ್ಟರ್‌ನೊಳಗೆ ಹುಟ್ಟಿಸುತ್ತಾರೆ. ಆಗ ಪ್ರತಿ ಮರುಪ್ರಯತ್ನಕ್ಕೂ (ರೀಟ್ರೈ) ಒಂದು ಹೊಸ ಕೀ, ಸರ್ವರ್‌ಗೆ ಎಲ್ಲವೂ ಹೊಸ ಚೀಟಿಯೇ. ಕೀ ಚೀಟಿಯದು, ಪ್ರಯತ್ನದ್ದಲ್ಲ.

ಸರ್ವರಿನಲ್ಲೂ ‘ಇದೆಯಾ ನೋಡು, ಇಲ್ಲದಿದ್ದರೆ ಬರೆ’ ಅನ್ನುವ ಕೋಡ್ ಸಾಲದು. ಎರಡು ವಿನಂತಿ ಒಟ್ಟಿಗೆ ಬಂದರೆ ಎರಡಕ್ಕೂ ‘ಇಲ್ಲ’ ಅಂತಲೇ ಕಾಣುತ್ತದೆ. ಕೀ ಕಾಲಮ್ಮಿಗೆ, ಒಂದೇ ಕೀ ಎರಡು ಸಲ ಕೂರದಂತೆ, ಯುನೀಕ್ ಕನ್‌ಸ್ಟ್ರೇಂಟ್ ಹಾಕಿ, ಸರ್ವರಿನ ಡೇಟಾಬೇಸಾದ ಪೋಸ್ಟ್‌ಗ್ರೆಸ್‌ನಲ್ಲಿ ‘ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್’ (ಮೊದಲೇ ಇದ್ದರೆ ಸುಮ್ಮನಿರು) ಬರೆದು, ಎರಡನೇ ಸಲಕ್ಕೂ ಮೊದಲ ಚೀಟಿಯ ನಂಬರನ್ನೇ ಕೊಡಬೇಕು.

ರೀಟ್ರೈ ಮೂರೇ ಸಲ: 1, 2, 4 ಸೆಕೆಂಡು, ಪ್ರತಿಯೊಂದಕ್ಕೂ ಸ್ವಲ್ಪ ಯಾದೃಚ್ಛಿಕ ಹೆಚ್ಚುಕಡಿಮೆ. ಕರೆಂಟ್ ಬಂದು ರೂಟರ್ ಎದ್ದ ಕೂಡಲೇ ಎಲ್ಲ ಫೋನೂ ಒಂದೇ ಕ್ಷಣಕ್ಕೆ ಬಡಿಯಬಾರದು. ಸರ್ವರ್ ಕೊಡುವ ಎರರ್ ನಂಬರುಗಳಲ್ಲಿ 408, 429, 502, 503, 504ಕ್ಕೆ ರೀಟ್ರೈ. 400, 422ಕ್ಕೆ ಬೇಡ, ಅದು ಚೀಟಿಯ ತಪ್ಪು, ನೂರು ಸಲ ಕಳಿಸಿದರೂ ಅದೇ ತಪ್ಪು. ಆಮೇಲೆ, ಹಿನ್ನೆಲೆಯಲ್ಲಿ ಕೆಲಸ ಮುಗಿಸುವ ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್‌ಗೆ ಒಪ್ಪಿಸುವುದು.

ಪರೀಕ್ಷೆಗೆ ಏರೋಪ್ಲೇನ್ ಮೋಡ್ ಹಾಕಿ ನೋಡಿದರೆ ಉಪಯೋಗವಿಲ್ಲ; ಅದರಲ್ಲಿ ವಿನಂತಿ ಹೊರಡುವುದೇ ಇಲ್ಲ. ಪರೀಕ್ಷೆಯ ನಕಲಿ ಸರ್ವರ್ ಆದ ಮಾಕ್‌ವೆಬ್‌ಸರ್ವರಿನ ‘ನೋ ರೆಸ್ಪಾನ್ಸ್’ ಇಟ್ಟು, ಹೋದದ್ದು ಹೋಗಿ ಉತ್ತರ ಮಾತ್ರ ಬಾರದಂತೆ ಮಾಡಬೇಕು.

ಪರದೆಯ ಮೇಲೆ: ‘ಚೀಟಿ ಫೋನಿನಲ್ಲಿದೆ. ಆಫೀಸಿಗೆ ತಲುಪಿದ್ದು ಖಾತ್ರಿಯಾಗಿಲ್ಲ.’ ಬಟನ್ ಮಂಕಾಗಲಿ. ಹುಡುಗ ಅದನ್ನು ಓದಿ ಮುಂದಿನ ಲಾರಿಗೆ ಹೋಗಬಹುದು.

ಹನ್ನೊಂದೂವರೆ. ಈಗ ಇನ್ನೊಂದು ಕೊರೆಯುತ್ತಿದೆ. ರಾತ್ರಿ ತೂಗಿದ ಚೀಟಿ ಬಾಕಿಯಲ್ಲಿ ಉಳಿದು ಬೆಳಿಗ್ಗೆ ಸರ್ವರ್ ಮುಟ್ಟಿದರೆ, ತಾರೀಖು ಸರ್ವರ್ ಹಾಕುವುದಾದರೆ, ರೈತನಿಗೆ ಮರುದಿನದ ದರ ಬೀಳುತ್ತದೆ. ತೂಗಿದ ಹೊತ್ತು ಚೀಟಿಯಲ್ಲೇ ಹೋಗಬೇಕು. ಆದರೆ ಆ ಹೊತ್ತು ಫೋನಿನ ಗಡಿಯಾರದ್ದು, ಅದನ್ನು ಯಾರು ಬೇಕಾದರೂ ಹಿಂದೆ ಮುಂದೆ ಮಾಡಬಹುದು.