ಓಪನ್ ಸೋರ್ಸ್‌ಗೆ ಕೋಡ್ ಕಳಿಸೋದು ಹೇಗೆ ಅಂತ ಕೇಳುವವರಿಗೆ

"ಅಣ್ಣಾ, ಓಪನ್ ಸೋರ್ಸ್‌ಗೆ ಕೋಡ್ ಕಳಿಸಬೇಕು ಅಂತ ಆಸೆ ಐತಿ. ಹೆಂಗ ಶುರು ಮಾಡ್ಲಿ?"

ತಿಂಗಳಿಗೆ ಎರಡು ಸಲವಾದರೂ ಈ ಪ್ರಶ್ನೆ ಬರುತ್ತದೆ. ಓಪನ್ ಸೋರ್ಸ್ ಅಂದ್ರೆ ಕೋಡ್ ಎಲ್ಲರಿಗೂ ತೆರೆದಿಟ್ಟ, ಯಾರು ಬೇಕಾದರೂ ತಿದ್ದಿ ಕಳಿಸಬಹುದಾದ ತಂತ್ರಾಂಶ. ಕೇಳುವವರು ಹೆಚ್ಚಾಗಿ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು. ಪೈಥಾನ್ ಕಲೀಲಾ ಜಾವಾಸ್ಕ್ರಿಪ್ಟ್ ಕಲೀಲಾ ಅನ್ನೋದಕ್ಕೆ ಉತ್ತರ ಸಿಗುತ್ತೆ ಅಂದುಕೊಂಡಿರುತ್ತಾರೆ. ನಾನು ಹೇಳೋದು ಬೇರೆ. ಕೋಡ್ ಬರೆಯೋದು ಇದರಲ್ಲಿ ಅರ್ಧ ಕೆಲಸವೂ ಅಲ್ಲ. ನೀವು ಕಳಿಸಿದ್ದನ್ನು ಆ ಕಡೆ ಒಬ್ಬರು ಕೂತು ಓದಬೇಕಲ್ವಾ, ಅವರು ಎಷ್ಟೋ ಸಲ ಬಿಡಿಗಾಸು ಇಲ್ಲದೆ, ನೌಕರಿ ಮುಗಿಸಿ ಬಂದು, ಮಕ್ಕಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದಿರುತ್ತಾರೆ. ಅವರಿಗೆ ಬೇಗ ಅರ್ಥ ಆದರೆ ನಿಮ್ಮ ಕೋಡ್ ಒಳಗೆ ಹೋಗುತ್ತದೆ. ಇಲ್ಲಾಂದ್ರೆ ಅಲ್ಲೇ ಬಿದ್ದಿರುತ್ತದೆ.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ.

ಹವಾಮಾನ ತೋರಿಸುವ ಒಂದು ಸಣ್ಣ ತಂತ್ರಾಂಶ ಬಳಸುತ್ತಿದ್ದೆ. ಊರಿನ ಹೆಸರು 12 ಅಕ್ಷರಕ್ಕಿಂತ ಉದ್ದ ಇದ್ದರೆ ಅದು ಕತ್ತರಿಸಿ ಮುಂದೆ ಚುಕ್ಕಿ ಹಾಕುತ್ತಿತ್ತು. "ಬಳ್ಳಾರಿ ಜಿಲ್ಲೆ" ಅನ್ನೋದು ನಮ್ಮ ಕಣ್ಣಿಗೆ ಐದೇ ಅಕ್ಷರ. ಆದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ವ್ಯಂಜನ ಬೇರೆ, ಗುಣಿತದ ಚಿಹ್ನೆ ಬೇರೆ, ಒತ್ತಕ್ಷರಕ್ಕೆ ನಡುವೆ ಹಲಂತ ಅನ್ನೋ ಜೋಡಿಸುವ ಚಿಹ್ನೆ ಬೇರೆ, ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ, ಹಾಗಾಗಿ ಒಟ್ಟು 14. ಹನ್ನೆರಡಕ್ಕೆ ಕತ್ತರಿಸಿದರೆ "ಬಳ್ಳಾರಿ ಜಿಲ್…" ಅಂತ ಬಾಲ ಮುರಿದುಕೊಂಡು ನಿಲ್ಲುತ್ತಿತ್ತು. ಹಲಂತಕ್ಕೆ ಮುಂಚೆಯೂ ಆದ ಮೇಲೂ ಕತ್ತರಿಸಬೇಡ, ಗುಣಿತದ ಚಿಹ್ನೆಗೆ ಮುಂಚೆ ಕತ್ತರಿಸಬೇಡ, ಸರಿಯಾದ ಜಾಗ ಸಿಗುವ ತನಕ ಹಿಂದಕ್ಕೆ ಬಾ. ರಿಪೇರಿ ಇಷ್ಟೇ, ಆರು ಸಾಲು.

ನಾನು ಕಳಿಸಿದ್ದು 900ಕ್ಕೂ ಜಾಸ್ತಿ ಸಾಲಿನ ಬದಲಾವಣೆ. ಫೈಲ್ ಸೇವ್ ಮಾಡಿದಾಗಲೆಲ್ಲ ನನ್ನ ಎಡಿಟರ್ ತಾನಾಗಿಯೇ ಟ್ಯಾಬ್ ತೆಗೆದು ಸ್ಪೇಸ್ ಹಾಕಿತ್ತು. ಅದು ಸಾಲದು ಅಂತ ನಾನೂ ಒಂದೆರಡು ಫಂಕ್ಷನ್ ಹೆಸರು "ಚೆಂದ" ಮಾಡಿದ್ದೆ. ಎರಡು ವಾರ ಆದ ಮೇಲೆ ಉತ್ತರ ಬಂತು: ಇದರಲ್ಲಿ ರಿಪೇರಿ ಎಲ್ಲಿದೆ ಅಂತ ಹುಡುಕೋಕೆ ನನ್ನಿಂದ ಆಗಲ್ಲ, ಅದಷ್ಟನ್ನೇ ಕಳಿಸಿ. ಪುಲ್ ರಿಕ್ವೆಸ್ಟ್, ಅಂದ್ರೆ ಈ ಬದಲಾವಣೆ ಸೇರಿಸಿಕೊಳ್ಳಿ ಅಂತ ನಾನು ಕಳಿಸಿದ್ದ ಕೋರಿಕೆ, ಮುಚ್ಚಿದ್ದರು.

ಸಿಟ್ಟು ಬಂತು. ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಸುವ ನಮ್ಮ ಮಾವನ ಹತ್ತಿರ ಕೂತು ಗೊಣಗಿದೆ. ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಅಂದ್ರೇನು, ಪುಲ್ ರಿಕ್ವೆಸ್ಟ್ ಅಂದ್ರೇನು ಅಂತ ಅವರಿಗೆ ಗೊತ್ತಿಲ್ಲ. ಕೈಯಲ್ಲಿದ್ದ ಪ್ಯಾಂಟ್ ತಿರುಗಿಸಿ ಹೊಲಿಗೆ ನೋಡ್ತಾನೇ ಕೇಳಿದರು, "ಜಿಪ್ ಹಾಕು ಅಂದ್ರ ಕಿಸೆ ಯಾಕ್ ಬಿಚ್ಚಿದಿ?"

ಅದಕ್ಕೇ ನನ್ನ ಮೊದಲ ಮಾತು, ಒಂದು ಸಲಕ್ಕೆ ಒಂದೇ ಬದಲಾವಣೆ. ಕಳಿಸುವ ಮುಂಚೆ ಡಿಫ್ (ಏನೇನು ಬದಲಾಯಿತು ಅಂತ ತೋರಿಸುವ ಪಟ್ಟಿ) ತೆಗೆದು ಸಾಲು ಸಾಲಾಗಿ ನೀವೇ ಓದಿ. ಈ ಸಾಲು ಯಾಕೆ ಬದಲಾಯಿತು ಅಂತ ನಿಮಗೇ ಹೇಳಲು ಬರದಿದ್ದರೆ ಅದನ್ನು ತೆಗೆಯಿರಿ. ಎಐ ಬರೆದುಕೊಟ್ಟ ಕೋಡ್‌ಗೂ ಇದೇ ಮಾತು.

ಬಹಳಷ್ಟು ಪ್ರಾಜೆಕ್ಟ್‌ಗಳಲ್ಲಿ ಕಾಂಟ್ರಿಬ್ಯೂಟಿಂಗ್ ಅಂತ ಒಂದು ಫೈಲ್ ಇರುತ್ತದೆ. ಅದನ್ನು ಯಾರೂ ಓದಲ್ಲ, ನಾನೂ ಓದಿರಲಿಲ್ಲ. ಟೆಸ್ಟ್ (ಕೋಡ್ ಸರಿಯಾಗಿ ಕೆಲಸ ಮಾಡುತ್ತಾ ಅಂತ ನೋಡುವ ಪರೀಕ್ಷೆ) ಓಡಿಸೋದು ಹೇಗೆ, ಕೋಡ್ ಯಾವ ಶೈಲಿಯಲ್ಲಿರಬೇಕು, ಎಲ್ಲಿಗೆ ಕಳಿಸಬೇಕು ಎಲ್ಲ ಅಲ್ಲೇ ಇರುತ್ತದೆ. ಎಲ್ಲರೂ ಕೋಡನ್ನು ಗಿಟ್‌ಹಬ್ ಅನ್ನೋ ಜಾಲತಾಣದಲ್ಲೇ ತೆಗೆದುಕೊಳ್ಳುತ್ತಾರೆ ಅಂತಲೂ ಇಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಇವತ್ತಿಗೂ ಪ್ಯಾಚ್ (ಬದಲಾವಣೆಯ ತುಣುಕು) ಹೋಗೋದು ಇಮೇಲ್‌ನಲ್ಲಿ. ದೊಡ್ಡ ಬದಲಾವಣೆ ಆದರೆ ಮೊದಲು ಇಶ್ಯೂ (ಪ್ರಾಜೆಕ್ಟ್‌ನಲ್ಲಿ ಚರ್ಚೆಗೆ ಹಾಕುವ ವಿಷಯ) ತೆರೆದು "ಇದನ್ನು ಮಾಡಲಾ?" ಅಂತ ಕೇಳಿ. ಹದಿನೈದು ದಿನ ಕೂತು ಬರೆದ ಮೇಲೆ "ನಮಗಿದು ಬೇಡ" ಅನ್ನಿಸಿಕೊಳ್ಳೋದು ಯಾರಿಗೆ ಬೇಕು?

ಕಮಿಟ್ ಸಂದೇಶದ (ಪ್ರತಿ ಬದಲಾವಣೆ ಜೊತೆ ಬರೆಯುವ ಟಿಪ್ಪಣಿ) ಮೊದಲ ಸಾಲು 50 ಅಕ್ಷರದ ಆಸುಪಾಸಿನಲ್ಲಿರಲಿ, ಆಮೇಲೆ ಒಂದು ಸಾಲು ಖಾಲಿ, ಅದರ ಕೆಳಗೆ ವಿವರ. ಲಿನಕ್ಸ್‌ನವರು, ಗಿಟ್‌ನವರು "ಸರಿಪಡಿಸಿದೆ" ಅಂತ ಬರೆಯಬೇಡಿ, "ಸರಿಪಡಿಸು" ಅನ್ನೋ ಧಾಟಿಯಲ್ಲಿ ಬರೆಯಿರಿ ಅಂತಾರೆ. ಏನು ಮಾಡಿದ್ದೀರಿ ಅನ್ನೋದು ಕೋಡ್‌ನಲ್ಲೇ ಕಾಣುತ್ತದೆ. ಯಾಕೆ ಮಾಡಿದಿರಿ ಅನ್ನೋದನ್ನು ಬರೆಯಿರಿ. ಕನ್ನಡ ಬಾರದವರಿಗೆ "ಜಿಲ್…" ಯಾಕೆ ತಪ್ಪು ಅಂತ ಹೇಗೆ ಗೊತ್ತಾಗಬೇಕು? ಎರಡನೇ ಸಲ ನಾನು ಒಂದು ಸ್ಕ್ರೀನ್‌ಶಾಟ್, ಒಂದು ಟೆಸ್ಟ್ ಸೇರಿಸಿದೆ.

ಕೆಲವು ಕಡೆ "ಸೈನ್ಡ್ ಆಫ್ ಬೈ" ಅಂತ ಕೊನೆಗೊಂದು ಸಾಲು ಕೇಳುತ್ತಾರೆ. ಅದು ಸುಮ್ನೆ ಹಾಕುವ ಸಹಿ ಅಲ್ಲ. 2003ರಲ್ಲಿ ಎಸ್‌ಸಿಒ ಅನ್ನೋ ಕಂಪನಿ, ತನ್ನ ಯುನಿಕ್ಸ್ ಕೋಡ್ ಲಿನಕ್ಸ್‌ಗೆ ಸೇರಿಕೊಂಡಿದೆ ಅಂತ ಐಬಿಎಂ ಮೇಲೆ ಕೇಸು ಹಾಕಿತು. ಮರುವರ್ಷವೇ ಲಿನಕ್ಸ್‌ನಲ್ಲಿ ಈ ಪದ್ಧತಿ ಬಂತು. ಈ ಕೋಡನ್ನು ಇಲ್ಲಿ ಕೊಡುವ ಹಕ್ಕು ನನಗಿದೆ ಅಂತ ನೀವು ಹೇಳಿದ ಹಾಗೆ. ಅದರಿಂದ ಆಫೀಸಿನ ಕೋಡ್ ಎತ್ತಿ ಅಂಟಿಸಬೇಡಿ.

ಇನ್ನು ಟೀ ಶರ್ಟ್ ಆಸೆಗೆ ಕಳಿಸೋದು. 2020ರ ಅಕ್ಟೋಬರ್‌ನಲ್ಲಿ, ಓಪನ್ ಸೋರ್ಸ್‌ಗೆ ಕೋಡ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ನಡೆದಾಗ, ಉಚಿತ ಅಂಗಿಗಾಗಿ ಜನ ರೀಡ್‌ಮಿ ಅನ್ನೋ ಪರಿಚಯದ ಫೈಲ್‌ಗೆ ಒಂದೊಂದು ಪದ ಸೇರಿಸಿ ರಾಶಿ ರಾಶಿ ಕಳಿಸಿದರು. ಕೊನೆಗೆ, ಭಾಗವಹಿಸಲು ಒಪ್ಪಿಕೊಂಡ ಪ್ರಾಜೆಕ್ಟ್‌ಗಳನ್ನು ಮಾತ್ರ ಲೆಕ್ಕಕ್ಕೆ ತಗೊಳ್ತೀವಿ ಅಂತ ನಡೆಸುವವರು ನಿಯಮವನ್ನೇ ಬದಲಾಯಿಸಬೇಕಾಯಿತು. ರೆಸ್ಯೂಮೆಗೋಸ್ಕರ ಕಳಿಸೋದು ತಪ್ಪು ಅಂತ ನಾನು ಹೇಳಲ್ಲ, ನಾನೂ ಹಾಕಿಕೊಂಡಿದ್ದೀನಿ. ಆದರೆ ನೀವೇ ದಿನಾ ಬಳಸುವ, ನಿಮಗೇ ಕಿರಿಕಿರಿ ಮಾಡುವ ತಂತ್ರಾಂಶ ಹಿಡಿಯಿರಿ. ಕನ್ನಡ ಬರುತ್ತದೆ ಅನ್ನೋದೇ ದೊಡ್ಡ ಅನುಕೂಲ. ಒತ್ತಕ್ಷರ ಒಡೆಯೋದು, ಅಕಾರಾದಿ ತಪ್ಪೋದು, ಬಟನ್ ಮೇಲೆ ಅರ್ಥವಿಲ್ಲದ ಅನುವಾದ ಇರೋದು, ಇವೆಲ್ಲ ನಮ್ಮ ಕಣ್ಣಿಗೇ ಮೊದಲು ಬೀಳೋದು.

ಕಳಿಸಿದ ಮೇಲೆ ಕಾಯಿರಿ. ದಿನಾ "ನೋಡಿದಿರಾ ಸರ್" ಅಂತ ಕೇಳಬೇಡಿ. ಎರಡು ವಾರಕ್ಕೊಮ್ಮೆ ನೆನಪಿಸಿದರೆ ಸಾಕು.

ನನ್ನ ಆರು ಸಾಲು ಎರಡನೇ ಸಲ ಮೂರೇ ದಿನದಲ್ಲಿ ಒಳಗೆ ಹೋಯಿತು. ಹೊಸ ಆವೃತ್ತಿ ಬಂದ ದಿನ ಖುಷಿಯಿಂದ ಮಾವನಿಗೆ ಫೋನ್ ತೋರಿಸಿದೆ. "ಬಳ್ಳಾರಿ ಜಿ…" ಅಂತ ಇತ್ತು. ಕನ್ನಡಕ ಏರಿಸಿ ನೋಡಿದರು.

"ಮೊದ್ಲು ಜಿಲ್ ಅಂತಾದ್ರೂ ಇತ್ತಲ್ಲೋ."