ಕಾರ್ನರಲ್ಲಿ ನಿಂತವರ ಶಾಟ್ ನಾನ್ಯಾಕೆ ಕಿತ್ತಾಕಿದ್ದೆ

ನಾನು ಎಡಿಟರ್. ಹೆಸರು ಹೇಳಿದ್ರೆ ಯಾರಿಗೂ ಗೊತ್ತಾಗಲ್ಲ, ಮದುವೆ ವಿಡಿಯೋ ಕಟ್ ಮಾಡ್ತಾ ಶುರು ಮಾಡ್ದೋನು, ಆಮೇಲೆ ಸೀರಿಯಲ್ಲು, ಕಂಪನಿ ವಿಡಿಯೋ, ಈಗ ವರ್ಷಕ್ಕೊಂದೋ ಎರಡೋ ಸಣ್ಣ ಬಜೆಟ್ ಸಿನಿಮಾ. ಹೋದ ವರ್ಷ ಅಂಥದ್ದೇ ಒಂದು ಬಂತು. ಬಾಕ್ಸಿಂಗ್ ಕಥೆ, ಅಣ್ಣ ತಮ್ಮಂದು. ಡೈರೆಕ್ಟ್ರು ಇನ್ನೂ ಹುಡುಗ, ದುಡ್ಡು ಹಾಕಿದ್ದು ಅವನ ಸ್ವಂತ ಅಣ್ಣ, ಸೈಟ್ ಅಡ ಇಟ್ಟು. ಆ ಅಣ್ಣನೇ ಸಿನಿಮಾದಲ್ಲೂ ಹೀರೋನ ಅಣ್ಣ, ಯಾಕಂದ್ರೆ ಆ ಪಾತ್ರಕ್ಕೆ ಬೇರೆ ಆರ್ಟಿಸ್ಟ್ ಹಾಕ್ಕೊಳ್ಳೋಕೆ ದುಡ್ಡು ಉಳ್ದಿರ್ಲಿಲ್ಲ. ಆಕ್ಟಿಂಗ್ ಅವ್ರಿಗೆ ಬರ್ತಿರ್ಲಿಲ್ಲ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ. ಕ್ಯಾಮೆರಾ ಆನ್ ಆದ ತಕ್ಷಣ ಕೈ ಎಲ್ಲಿಡ್ಬೇಕು ಅಂತ ಗೊತ್ತಾಗ್ದೆ ಪ್ಯಾಂಟ್ ಜೇಬು ಹುಡುಕೋರು, ಹಾಕಿದ್ದು ಟ್ರ್ಯಾಕ್ ಪ್ಯಾಂಟು, ಅದಕ್ಕೆ ಜೇಬೇ ಇಲ್ಲ.

ಅವ್ರು ದಿನಾ ಎಡಿಟ್ ರೂಮಿಗೆ ಬರೋರು. ಬಂದು ಹಿಂದಿನ ಸೋಫಾದಲ್ಲಿ ಕೂತ್ಕೊಂಡು, ನಾನೊಂದು ಕಟ್ ಮಾಡಿದ್ರೆ "ಯಾಕೆ ಸಾಹೇಬ್ರೇ ಅದು ಹೋಯ್ತು, ಚೆನ್ನಾಗಿತ್ತಲ್ಲ" ಅನ್ನೋರು. ಆ ಶಾಟ್ ತೆಗ್ದ ದಿನ ಎಷ್ಟು ಖರ್ಚಾಗಿತ್ತು ಅನ್ನೋದೂ ಅದ್ರ ಜೊತೆಗೇ ಬರೋದು. ಒಂದು ವಾರ ತಡ್ಕೊಂಡೆ. ಆಮೇಲೆ ಡೈರೆಕ್ಟ್ರನ್ನ ಆಚೆ ಕರ್ಕೊಂಡ್ಹೋಗಿ ಹೇಳ್ದೆ, ನೋಡಪ್ಪಾ, ಪಿಕ್ಚರ್ ಲಾಕ್ ಆಗೋವರೆಗೂ, ಅಂದ್ರೆ ಎಡಿಟಿಂಗ್ ಪೂರ್ತಿ ಮುಗಿಯೋವರೆಗೂ, ನಿಮ್ಮಣ್ಣ ಈ ರೂಮಿಗೆ ಬರೋದು ಬೇಡ, ಇಲ್ಲ ಅಂದ್ರೆ ನನ್ನ ಬಿಟ್ಬಿಡಿ ಅಂತ. ಹುಡುಗ ಮುಖ ಸಣ್ಣಗೆ ಮಾಡ್ಕೊಂಡು ಹೂಂ ಅಂದ. ಮಾರನೇ ದಿನದಿಂದ ಅಣ್ಣ ಮೇಲಕ್ಕೆ ಬರ್ಲಿಲ್ಲ. ತಮ್ಮನ್ನ ಬೈಕಲ್ಲಿ ತಂದು ಬಿಟ್ಟು ಕೆಳಗಿನ ಟೀ ಅಂಗಡೀಲಿ ಕೂತಿರೋರು. ನಂಗೆ ಆರಾಮಾಯ್ತು ಅಂದ್ಕೊಂಡೆ.

ಆರಾಮಾಗಿ ಕೂತು ಕ್ಲೈಮ್ಯಾಕ್ಸ್ ಫೈಟ್ ಕಟ್ ಮಾಡ್ದೆ. ನಾಲ್ಕು ನಿಮಿಷ ಹತ್ತು ಸೆಕೆಂಡು, ಅದ್ರಲ್ಲಿ 196 ಕಟ್. ಏಟು, ಬೆವರು, ರಕ್ತ, ಗ್ಲೌಸು, ಜನ, ಮತ್ತೆ ಏಟು. ಅಣ್ಣನ ಶಾಟ್‌ಗಳು, ಅಂದ್ರೆ ರಿಂಗ್ ಮೂಲೇಲಿ ಟವೆಲ್ ಹಿಡ್ಕೊಂಡು ನಿಂತಿರೋವು, ಒಂದೆರಡು ಬಿಟ್ಟು ಎಲ್ಲಾ ಕಿತ್ತಾಕ್ದೆ. ಆಕ್ಟಿಂಗ್ ಸರಿ ಇಲ್ಲ ಅನ್ನೋದು ನೆಪ, ನಿಜ ಹೇಳ್ಬೇಕು ಅಂದ್ರೆ ಆ ಮುಖ ನೋಡಿದ್ರೆ ನಂಗೆ ಸೋಫಾ ನೆನಪಾಗ್ತಿತ್ತು. ಎಂಟು ಜನರಿಗೆ ತೋರಿಸಿದ್ವಿ. ಫೈಟ್ ನಡೀತಿರೋವಾಗ, ಸ್ಪೀಕರ್ ಕಿತ್ಕೊಂಡು ಹೋಗೋ ಸೌಂಡಲ್ಲಿ, ಒಬ್ರು ಫೋನ್ ತೆಗ್ದು ಮೆಸೇಜ್ ನೋಡಿದ್ರು. ಎಡಿಟರ್‌ಗೆ ಇದಕ್ಕಿಂತ ದೊಡ್ಡ ವಿಮರ್ಶೆ ಬೇಕಿಲ್ಲ.

ಶೂಟಿಂಗ್‌ಗೆ ಮುಂಚೆನೇ ಆ ಹುಡುಗ ನಂಗೆ 'ದಿ ಫೈಟರ್' ನೋಡಿ ಸರ್ ಅಂದಿದ್ದ. ಹಾಲಿವುಡ್ ಸಿನಿಮಾ, ಡೇವಿಡ್ ಓ ರಸಲ್ ಡೈರೆಕ್ಷನ್, 2010ರದ್ದು. ನಾನು ಬಂದಾಗ್ಲೇ ನೋಡಿದೀನಿ ಬಿಡಪ್ಪಾ ಅಂದಿದ್ದೆ, ತಲೇಲಿ ಉಳ್ದಿದ್ದು ಮಾತ್ರ ಅಣ್ಣನ ಪಾತ್ರಕ್ಕೆ ಕ್ರಿಶ್ಚಿಯನ್ ಬೇಲ್ ಕಡ್ಡಿ ಥರ ಆಗಿದ್ದು, ಅವನಿಗೂ ತಾಯಿ ಪಾತ್ರದ ಮೆಲಿಸಾ ಲಿಯೋಗೂ ಆಸ್ಕರ್ ಬಂದಿದ್ದು, ಅಷ್ಟೇ. ಆ ಸ್ಕ್ರೀನಿಂಗ್ ಆದ ರಾತ್ರಿ ಮನೆಗೆ ಹೋಗ್ಲಿಲ್ಲ, ಪಕ್ಕದ ಮಾನಿಟರ್‌ಗೆ ಅದನ್ನ ಹಾಕ್ಕೊಂಡು ಒಂದೊಂದೇ ಸೀನ್ ಬಿಚ್ಚಿ ನೋಡ್ತಾ ಕೂತೆ.

ಕಥೆ ನಿಜವಾದ್ದು. ಅಮೆರಿಕದ ಮ್ಯಾಸಚುಸೆಟ್ಸಲ್ಲಿ ಲೋವೆಲ್ ಅಂತ ಊರು, ಒಂದು ಕಾಲಕ್ಕೆ ಬಟ್ಟೆ ಮಿಲ್ಲುಗಳಿಂದ ಬದುಕ್ತಿತ್ತು, ಮಿಲ್ಲು ಮುಚ್ಚಿ ಸೊರಗಿದ ಊರು. ಅಲ್ಲಿ ಡಿಕಿ ಎಕ್ಲಂಡ್ ಅಂತ ಬಾಕ್ಸರು, 1978ರಲ್ಲಿ ಶುಗರ್ ರೇ ಲೆನಾರ್ಡ್ ಎದುರು ಹತ್ತು ರೌಂಡ್ ನಿಂತು ಸೋತ, ಆ ಪಂದ್ಯದಲ್ಲಿ ಲೆನಾರ್ಡ್ ಒಂದ್ಸಲ ಕೆಳಗೆ ಬಿದ್ದ, ಡಿಕಿ ಹೊಡ್ದಿದ್ದಕ್ಕೋ ಕಾಲು ಜಾರಿದ್ದಕ್ಕೋ ಅನ್ನೋದು ಇವತ್ತಿಗೂ ಜಗಳ. ಆ ಒಂದು ಬೀಳೋದನ್ನೇ ಜೀವನಪೂರ್ತಿ ಹೇಳ್ಕೊಂಡು ಓಡಾಡಿ, ಕ್ರ್ಯಾಕ್ ಅನ್ನೋ ಡ್ರಗ್ಸ್ ಚಟಕ್ಕೆ ಬಿದ್ದು ಹಾಳಾದ. ಅವನ ತಮ್ಮ ಮಿಕಿ ವಾರ್ಡ್, ತಂದೆ ಬೇರೆ ತಾಯಿ ಒಬ್ಳೇ. ಮಿಕಿನೂ ಬಾಕ್ಸರು, ಸಾಲಾಗಿ ಸೋತು 1991ರಲ್ಲಿ ರಿಂಗ್ ಬಿಟ್ಟು ರಸ್ತೆಗೆ ಡಾಂಬರು ಹಾಕೋ ಕೆಲಸ ಮಾಡ್ತಿದ್ದ. ತಾಯಿ ಮ್ಯಾನೇಜರು, ಅಣ್ಣ ಟ್ರೇನರು, ಏಳು ಜನ ಅಕ್ಕತಂಗೀರು. (ಆ ಅಕ್ಕತಂಗೀರ ಗುಂಪನ್ನ ಸಿನಿಮಾದಲ್ಲಿ ಸ್ವಲ್ಪ ಗೇಲಿ ಮಾಡಿಟ್ಟಿದಾರೆ, ಅದು ನಂಗೆ ಅವತ್ತೂ ಇಷ್ಟ ಆಗ್ಲಿಲ್ಲ.)

ನಾನು ಮೊದ್ಲು ನೋಡಿದ್ದು ಫೈಟ್‌ಗಳನ್ನೇ, ಕೆಲಸಕ್ಕೆ ಬೇಕಾಗಿದ್ದು ಅದು ತಾನೆ. ನೋಡಿದ್ರೆ ಅಲ್ಲಿ ನನ್ನ 196 ಕಟ್ಟಿನ ಶೋಕಿ ಏನೂ ಇಲ್ಲ. ಟೀವೀಲಿ ಬಾಕ್ಸಿಂಗ್ ಬಂದ ಹಾಗೇ ಬರುತ್ತೆ. ಬೇಕಂತಲೇ ಹಾಗೆ ಮಾಡಿದಾರೆ, ಎಚ್‌ಬಿಒ ಚಾನೆಲ್‌ಗೆ ಬಾಕ್ಸಿಂಗ್ ತೆಗೀತಿದ್ದ ಕ್ಯಾಮೆರಾದವ್ರನ್ನೇ ಕರೆಸಿ, ಆಗಿನ ಕಾಲದ ವಿಡಿಯೋ ಕ್ಯಾಮೆರಾದಲ್ಲಿ ತೆಗ್ದು, ಅದ್ರ ಮೇಲೆ ನಿಜವಾದ ಪಂದ್ಯದ ಕಾಮೆಂಟರೀನೇ ಹಾಕಿದಾರೆ. ಫೈಟೆಲ್ಲಾ ಮೂರು ದಿನದಲ್ಲಿ ಮುಗ್ದಿತ್ತಂತೆ, ಇಡೀ ಸಿನಿಮಾ 33 ದಿನ. ನಮ್ ಹುಡುಗ ಒಂದು ಫೈಟ್‌ಗೆ ಐದು ದಿನ ತಗೊಂಡಿದ್ದ, ಅಣ್ಣ ಅದನ್ನ ದಿನಾ ನೆನಪು ಮಾಡ್ತಿದ್ರು, ಈಗ ಯಾಕೆ ಅಂತ ಸ್ವಲ್ಪ ಅರ್ಥ ಆಯ್ತು.

ಅದ್ರಲ್ಲಿ ಸ್ಯಾಂಚೆಜ್ ಅನ್ನೋ ಬಾಕ್ಸರ್ ಜೊತೆಗಿನ ಫೈಟ್ ಒಂದಿದೆ, ನಿಜದಲ್ಲಿ 1997ರ ಏಪ್ರಿಲ್, ಲಾಸ್ ವೇಗಸ್. ಆರು ರೌಂಡ್ ಮಿಕಿ ಬರೀ ಏಟು ತಿಂತಾ ಇರ್ತಾನೆ. ಏಳನೇದ್ರಲ್ಲಿ ಎಡಗೈ ಹುಕ್ ಒಂದು, ಅಂದ್ರೆ ಪಕ್ಕದಿಂದ ಬಳಸಿ ಹೊಡೆಯೋ ಏಟು, ಎದುರಾಳಿಯ ಬಲಗಡೆ ಪಕ್ಕೆ ಕೆಳಗೆ, ಲಿವರ್ ಮೇಲೆ. ಮುಖಕ್ಕೆ ಬಿದ್ದ ಏಟಿಗೂ ಇದಕ್ಕೂ ವ್ಯತ್ಯಾಸ ಏನಂದ್ರೆ, ಲಿವರ್ ಏಟು ಬಿದ್ದ ತಕ್ಷಣ ಏನೂ ಆಗಲ್ಲ. ಒಂದು ಕ್ಷಣ ಮನುಷ್ಯ ನೆಟ್ಟಗೇ ಇರ್ತಾನೆ, ಆಮೇಲೆ ಬಿಪಿ ಇಳ್ದು, ತಲೆ ಸರಿಯಾಗೇ ಇದ್ರೂ ಕಾಲು ಕೇಳಲ್ಲ, ಮಡಚ್ಕೊಂಡು ಕೂತ್ಬಿಡ್ತಾನೆ, ಹತ್ತು ಎಣಿಸೋದ್ರೊಳಗೆ ಏಳೋಕಾಗಲ್ಲ. ನಮ್ ಸಿನಿಮಾದಲ್ಲೂ ಹೀರೋ ಗೆಲ್ಲೋದು ಪಕ್ಕೆ ಏಟಿಂದ್ಲೇ. ನಾನೇನ್ ಮಾಡಿದ್ದೆ, ಏಟು, ಕಟ್, ಬೀಳೋದು. ಮಧ್ಯದ ಆ ಒಂದು ಸೆಕೆಂಡ್ ಸುಮ್ನೆ ವೇಸ್ಟು ಅಂತ ಟ್ರಿಮ್ ಮಾಡಿ ಬಿಸಾಕಿದ್ದೆ. ಹತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು.

ಇನ್ನೊಂದು ವಿಷಯ ಎಡಿಟರ್‌ಗಳಿಗೆ ಮಾತ್ರ ಹೊಟ್ಟೆ ಉರಿಯೋವಂಥದ್ದು. ಸ್ಯಾಂಚೆಜ್ ಎದುರು ಮಿಕಿ ಗೆದ್ದ ಮೇಲೆ ಸಿನಿಮಾ ಹೆಚ್ಚುಕಮ್ಮಿ ನೇರ 2000ನೇ ಇಸವಿ ಲಂಡನ್ ಪಂದ್ಯಕ್ಕೆ ಹೋಗುತ್ತೆ, ಶೇ ನಿಯರಿ ಎದುರು. ನಿಜದಲ್ಲಿ ಆ ಮಧ್ಯೆ ಮಿಕಿ ವಿನ್ಸ್ ಫಿಲಿಪ್ಸ್ ಹತ್ರ ಸೋತಿದಾನೆ, ಜ್ಯಾಬ್ ಜೂಡಾ ಹತ್ರ ಸೋತಿದಾನೆ. ಎರಡೂ ಮಾಯ. ಅವನಿಗೆ ಇನ್ನೂ ದೊಡ್ಡ ಹೆಸರು ತಂದ ಆರ್ಟುರೋ ಗಾಟಿ ಜೊತೆಗಿನ ಮೂರು ಪಂದ್ಯ, 2002-03ರವು, ಅವೂ ಇಲ್ಲ. ಬಾಕ್ಸಿಂಗ್ ಗೊತ್ತಿರೋರು ಗಾಟಿ ಇಲ್ದೆ ಮಿಕಿ ವಾರ್ಡ್ ಕಥೆನಾ ಅಂತಾರೆ. ಅಷ್ಟು ಒಳ್ಳೆ ಫೈಟ್‌ಗಳನ್ನೇ ಹೊರಗಿಟ್ಟು, ಅಣ್ಣ ತಮ್ಮ ಬರೀ ಸೋಫಾ ಮೇಲೆ ಕೂತು ಮಾತಾಡೋದನ್ನ ಇಟ್ಕೊಂಡಿದಾರೆ. ಶುರುವಲ್ಲೂ ಸೋಫಾ, ಕೊನೆಗೂ ಸೋಫಾ. ಶುರುವಲ್ಲಿ ಬರೀ ಅಣ್ಣಂದೇ ಬಾಯಿ, ತಮ್ಮ ಪಕ್ಕದಲ್ಲಿ ಸುಮ್ನೆ ನಗ್ತಾನೆ. ಕೊನೇಲಿ ಅದೇ ಅಣ್ಣ ಮಾತನ್ನ ತಮ್ಮನಿಗೆ ಬಿಟ್ಕೊಡ್ತಾನೆ. ಸೋಫಾ ಅಂದ್ರೆ ನಂಗ್ಯಾಕೆ ಚುರುಕ್ ಅಂತು ಅಂತ ಹೇಳೋದು ಬೇಡ.

ಆ ಅಣ್ಣನ್ನ ನೋಡ್ತಾ ನೋಡ್ತಾ ರಾತ್ರಿ ಮೂರು ಗಂಟೆ ಆಯ್ತು. ಡಿಕಿ ಸಾಮಾನ್ಯದ ತಲೆನೋವಲ್ಲ. ಟ್ರೇನಿಂಗ್‌ಗೆ ಬರಲ್ಲ, ತಾಯಿ ಹುಡುಕ್ಕೊಂಡ್ ಬಂದ್ರೆ ಹಿಂದಿನ ಕಿಟಕಿಯಿಂದ ಹಾರ್ತಾನೆ. ಎದುರಾಳಿಗೆ ಹುಷಾರಿಲ್ಲ ಅಂದಾಗ ಇಪ್ಪತ್ತು ಪೌಂಡ್, ಅಂದ್ರೆ ಒಂಬತ್ತು ಕೆಜಿ ಜಾಸ್ತಿ ಇರೋ ಇನ್ನೊಬ್ಬನ ಎದುರು ತಮ್ಮನ್ನ ಇಳಿಸ್ತಾರೆ, ಫೈಟ್ ಆಗ್ದಿದ್ರೆ ಯಾರಿಗೂ ದುಡ್ಡಿಲ್ಲ ಅಂತ. ಚಾನೆಲ್‌ನೋರು ತನ್ನ ಕಮ್‌ಬ್ಯಾಕ್ ಬಗ್ಗೆ ಸಿನಿಮಾ ತೆಗೀತಿದಾರೆ ಅಂದ್ಕೊಂಡಿರ್ತಾನೆ, ಅವ್ರು ತೆಗ್ದಿರೋದು ಕ್ರ್ಯಾಕ್ ಚಟದ ಬಗ್ಗೆ. ಆ ಡಾಕ್ಯುಮೆಂಟರಿ ನಿಜಕ್ಕೂ 1995ರಲ್ಲಿ ಎಚ್‌ಬಿಒದಲ್ಲಿ ಬಂದಿದೆ. ಅದು ಬರೋ ಹೊತ್ತಿಗೆ ಸಿನಿಮಾದಲ್ಲಿ ಡಿಕಿ ಜೈಲಲ್ಲಿರ್ತಾನೆ, ಅಲ್ಲಿ ಎಲ್ಲರನ್ನೂ ಕೂರಿಸ್ಕೊಂಡು ಟೀವಿ ಹಾಕ್ತಾನೆ, ಚಪ್ಪಾಳೆ ಹೊಡೀತಾರೆ, ಆಮೇಲೆ ಒಂದೊಂದೇ ಶಾಟ್ ಬರ್ತಾ ಅವನ ಮುಖ ಇಳಿಯುತ್ತೆ. ತಾನು ಕೊಟ್ಟ ಫೂಟೇಜನ್ನ ಬೇರೆ ಯಾರೋ ಕಟ್ ಮಾಡಿ ತನಗೇ ತೋರಿಸ್ತಿದಾರೆ. ಈ ಸೀನನ್ನ ಮಾಮೂಲಿ ಪ್ರೇಕ್ಷಕ ನೋಡೋದೇ ಬೇರೆ, ಎಡಿಟರ್ ನೋಡೋದೇ ಬೇರೆ.

ಮಿಕಿಯ ಗೆಳತಿ ಶಾರ್ಲೀನು, ಹೊಸ ಮ್ಯಾನೇಜರು, ಟ್ರೇನರ್ ಓಕೀಫ್, ಎಲ್ಲರದ್ದೂ ಒಂದೇ ಕಂಡೀಷನ್: ಅಣ್ಣ ಇರ್ಬಾರ್ದು. ನೂರಕ್ಕೆ ನೂರು ಸರಿ ಇದೆ ಆ ಮಾತು. ನಾನು ಆ ರೂಮಲ್ಲಿದ್ರೂ ಅದನ್ನೇ ಹೇಳ್ತಿದ್ದೆ, ಹೇಳಿದೀನಿ ಕೂಡ. (ಓಕೀಫ್ ಪಾತ್ರ ಮಾಡಿರೋದು ನಿಜವಾದ ಓಕೀಫೇ, ಲೋವೆಲ್‌ನ ಪೊಲೀಸು, ಆಕ್ಟರೇ ಅಲ್ಲ. ಅವರ ಕೈ ಎಲ್ಲಿಡ್ಬೇಕು ಅಂತ ಯಾರೂ ಹೇಳ್ಕೊಟ್ಟಂಗಿಲ್ಲ, ಸುಮ್ನೆ ನಿಂತಿರ್ತಾರೆ, ಸಾಕು ಅದು.) ಆದ್ರೆ ಸ್ಯಾಂಚೆಜ್ ಫೈಟಲ್ಲಿ ಮಿಕಿ ಗೆಲ್ಲೋದು ಹೊಸ ಟೀಮ್ ಪ್ಲಾನಿಂದ ಅಲ್ಲ, ಜೈಲಲ್ಲಿ ಕೂತ ಅಣ್ಣ ಹೇಳ್ಕೊಟ್ಟಿದ್ದರಿಂದ. ತಲೆಗೆ, ಹೊಟ್ಟೆಗೆ, ತಲೆಗೆ, ಹೊಟ್ಟೆಗೆ. ಅಣ್ಣ ತಮ್ಮನ ಮೈ ಚಿಕ್ಕಂದಿನಿಂದ ನೋಡಿರೋನು. ಹಂಗಂತ ಅಣ್ಣ ಮಾಡಿದ್ದೆಲ್ಲಾ ಮಾಫ್ ಅಂತ ಸಿನಿಮಾ ಹೇಳಲ್ಲ, ಅದೇ ನಂಗೆ ಹಿಡಿಸಿದ್ದು. ಜೈಲಿಂದ ಬಂದೋನಿಗೆ ಮೊದ್ಲು ಜಗಳ, ತಮ್ಮನ ಕೈಲಿ ಏಟು, ಆಮೇಲೆ ಸ್ವಾಗತಕ್ಕೆ ತಂದಿದ್ದ ಕೇಕ್ ಹಿಡ್ಕೊಂಡು ಹಳೇ ಅಡ್ಡಾಗೆ ನಡೀತಾನೆ. ಮತ್ತೆ ಹೋದ ಇವನು ಅಂತ ನಾವಂದ್ಕೋಬೇಕು, ಅಲ್ಲಿಗೆ ಗುಡ್‌ಬೈ ಹೇಳಿ ಶಾರ್ಲೀನ್ ಮನೆ ಬಾಗ್ಲಿಗೆ ಬಂದು ನಿಲ್ತಾನೆ. ತನ್ನನ್ನ ಆಚೆ ಹಾಕಿದೋಳ ಹತ್ರ ತಾನೇ ಹೋಗಿ ಮಾತಾಡ್ತಾನೆ.

ಬೆಳಿಗ್ಗೆ ಮನೆಗೆ ಹೋಗಿ ಸ್ನಾನ ಮಾಡಿ ವಾಪಸ್ ಬಂದು ರಶಸ್, ಅಂದ್ರೆ ಶೂಟಿಂಗಲ್ಲಿ ತೆಗ್ದಿದ್ದ ಫೂಟೇಜ್, ಎಲ್ಲಾ ಮತ್ತೆ ತೆಗ್ದೆ. ಅಣ್ಣನ ಟೇಕ್‌ಗಳು ಮೊದಲಿನಷ್ಟೇ ಕೆಟ್ಟದಾಗಿದ್ವು, ಸಿನಿಮಾ ನೋಡ್ಕೊಂಡ್ ಬಂದೆ ಅಂತ ಅವೇನು ಚೆನ್ನಾಗಿ ಆಗಿರ್ಲಿಲ್ಲ. ಆದ್ರೆ ಕ್ಲ್ಯಾಪ್ ಆಗೋಕೆ ಮುಂಚೆ, ಕಟ್ ಅಂದ ಮೇಲೆ, ಕ್ಯಾಮೆರಾ ಓಡ್ತಿರುತ್ತಲ್ಲ, ಆ ತುಂಡುಗಳನ್ನ ನಾನು ನೋಡೇ ಇರ್ಲಿಲ್ಲ, ಅಸಿಸ್ಟೆಂಟು ಲಾಗ್ ಮಾಡೋವಾಗ್ಲೇ ಕತ್ತರಿಸಿಡ್ತಿದ್ದ, ಹಂಗೆ ಮಾಡು ಅಂದಿದ್ದೂ ನಾನೇ. ಅದ್ರಲ್ಲಿ ಒಂದು ಸಿಕ್ತು. ಹನ್ನೊಂದು ಸೆಕೆಂಡು. ರಿಂಗ್ ಮೂಲೇಲಿ ಅಣ್ಣ, ಕೈಲಿ ಟವೆಲ್, ಫ್ರೇಮಿಂದ ಆಚೆ ಎಲ್ಲೋ ನೋಡ್ತಿದಾರೆ. ಸೌಂಡ್ ಟ್ರ್ಯಾಕಲ್ಲಿ ಡೈರೆಕ್ಟ್ರು ಕ್ಯಾಮೆರಾಮನ್ ಜೊತೆ ಕಿತ್ತಾಡ್ತಿರೋದು ಕೇಳುತ್ತೆ. ಅಣ್ಣ ಟವೆಲ್ಲನ್ನ ಎರಡೂ ಕೈಲಿ ಹಿಂಡ್ತಾರೆ, ಒಣ ಟವೆಲ್ಲು. ಬಾಯಿ ತೆಗ್ದು ಏನೋ ಹೇಳೋಕೆ ಹೋಗಿ ಸುಮ್ನಾಗ್ತಾರೆ.

ಸೌಂಡ್ ತೆಗ್ದು ಆ ಶಾಟನ್ನ ಪಕ್ಕೆ ಏಟು ಬಿದ್ದ ಮೇಲಿನ ಜಾಗಕ್ಕೆ ತಂದು ಕೂರಿಸ್ದೆ. ಏಟು, ಎದುರಾಳಿ ನೆಟ್ಟಗೆ ನಿಂತಿದಾನೆ, ಅಣ್ಣ, ಆಮೇಲೆ ಬೀಳೋದು. ಹನ್ನೊಂದ್ರಲ್ಲಿ ಮೂರೇ ಸೆಕೆಂಡ್ ಹಿಡೀತು, ಉಳಿದಿದ್ದನ್ನ ರೌಂಡ್ ಮಧ್ಯೆ ಸ್ಟೂಲ್ ಸೀನಿಗೆ ಇಟ್ಟೆ. ಫೈಟ್ 196 ಕಟ್ಟಿಂದ 71ಕ್ಕೆ ಬಂತು, ಉದ್ದ ಅರ್ಧ ನಿಮಿಷ ಜಾಸ್ತಿ ಆಯ್ತು. ಡೈರೆಕ್ಟ್ರಿಗೆ ತೋರಿಸ್ದೆ. ಹುಡುಗ ಏನೂ ಹೇಳ್ಲಿಲ್ಲ, ಮತ್ತೆ ಪ್ಲೇ ಮಾಡಿ ಸರ್ ಅಂದ, ಮೂರನೇ ಸಲ ನೋಡೋವಾಗ ಎದ್ದು ಬಾತ್‌ರೂಮಿಗೆ ಹೋದ.

ನಾನು ಕೆಳಗಿಳಿದು ಟೀ ಅಂಗಡಿಗೆ ಹೋದೆ. ಅಣ್ಣ ನನ್ನ ನೋಡಿ ಎದ್ದು ನಿಂತ್ರು, ನಂಗೆ ಅದು ಇನ್ನೂ ಕಷ್ಟ ಆಯ್ತು. ತಪ್ಪಾಯ್ತು ಅಂತೆಲ್ಲಾ ಹೇಳೋಕೆ ರೆಡಿ ಮಾಡ್ಕೊಂಡ್ ಹೋಗಿದ್ದೆ, ಬಾಯಿಗೆ ಬಂದಿದ್ದು "ಅಣ್ಣಾ, ಒಂದು ಶಾಟ್ ನೋಡ್ಬೇಕು ನೀವು, ಬನ್ನಿ" ಅನ್ನೋದಷ್ಟೇ. ಬೇಡ ಬಿಡಿ ಸಾಹೇಬ್ರೇ, ನಂಗೆ ಅದೆಲ್ಲಾ ಗೊತ್ತಾಗಲ್ಲ ಅಂದ್ರು. ನಾನೇ ಟೀ ದುಡ್ಡು ಕೊಟ್ಟು ಕರ್ಕೊಂಡ್ ಬಂದೆ. ಸೋಫಾ ತುದೀಲಿ, ಅರ್ಧ ಮಾತ್ರ ಕೂತ್ಕೊಂಡು ನೋಡಿದ್ರು.

ಮುಗೀತು. ಸ್ವಲ್ಪ ಹೊತ್ತು ಸುಮ್ನಿದ್ರು. ತಮ್ಮನ ಮೇಲಿನ ಪ್ರೀತಿ ಹೆಂಗ್ ಕಾಣ್ತಿದೆ ನೋಡಿ ಅಣ್ಣಾ ಮುಖದಲ್ಲಿ ಅಂತ ನಾನೇ ಬಾಯಿ ಬಿಟ್ಟೆ.

"ಆವಾಗಲಾ?" ಅಂದ್ರು. "ಜನರೇಟರ್‌ನೋನು ಗಂಟೆ ಲೆಕ್ಕದಲ್ಲಿ ಬಾಡಿಗೆ ಹಾಕ್ತಿದ್ದ ಸಾಹೇಬ್ರೇ. ಇವ್ನು ಅಲ್ಲಿ ಜಗಳ ಆಡ್ಕೊಂಡು ನಿಂತಿದ್ದ. ನಾನು ಟೈಮ್ ನೋಡ್ತಿದ್ದೆ, ಎದುರುಗಡೆ ಗೋಡೆ ಮೇಲೆ ಗಡಿಯಾರ ಇತ್ತಲ್ಲ."